ಮನೆದೇವರ ವಾರ

ಬೂದಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅದು ನನ್ನ ತಪ್ಪಲ್ಲ, ನಾನು ಹುಟ್ಟಿದ ಮನೆಯ ತಪ್ಪು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಸೀರೆ ನೇಯುತ್ತಾರೆ. ಒಲೆಯ ಬೂದಿ ಒಂದು ಚಿಟಿಕೆ ಮಗ್ಗದ ಕೋಣೆಗೆ ಹಾರಿ ಬಂದರೂ ನಮ್ಮಪ್ಪ ಕೃಷ್ಣಕುಮಾರ್ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಬಣ್ಣ ಹಾಕಿದ ನೂಲು ಬಿಸಿಲು ಕಾಣಬಾರದು, ನೆರಳಲ್ಲೇ ಒಣಗಬೇಕು. ಕೈ ತೊಳೆಯದೆ ಮುಟ್ಟುವಂತಿಲ್ಲ. ಒಂದು ಕರಿ ಚುಕ್ಕೆ ಬಿದ್ದರೆ ಹದಿನೈದು ದಿನದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗೆ. ಇಂಥ ಮನೆಯಲ್ಲಿ ಇಪ್ಪತ್ಮೂರು ವರ್ಷ ಬೆಳೆದವಳನ್ನು ತಂದು ಬೂದಿಯಲ್ಲಿ ಹೂತಿಟ್ಟ ಕಾಳುಗಳನ್ನು ಕಾಯಲು ಕೂರಿಸಿದರೆ ಏನಾಗಬೇಕೋ ಅದೇ ಆಯಿತು.

ಅದು ತೊಂಬತ್ತೊಂಬತ್ತನೇ ಇಸವಿ. ದೇವಸಮುದ್ರದಲ್ಲಿ ಬಸ್ಸು ನಿಲ್ಲುವ ಕಡೆಯಿಂದ ನಾಲ್ಕು ಹೆಜ್ಜೆ ಒಳಗೆ, ಎರಡು ಕೋಣೆಯ ಹೆಂಚಿನ ಮನೆ ಹಿಡಿದು ರಾಜಣ್ಣ ಎಂಬುವವರು ‘ಬೀಜ ಬಳಗ’ ಎಂಬ ಪುಟ್ಟ ಸಂಸ್ಥೆ ನಡೆಸುತ್ತಿದ್ದರು. ನಾಯಕನಹಟ್ಟಿ ಕಡೆಯವರು, ಕೃಷಿ ಬಿ.ಎಸ್ಸಿ. ಓದಿಯೂ ಸರ್ಕಾರಿ ಕೆಲಸ ಬೇಡವೆಂದು ಬಂದವರು. ಮಾತಿಗೆ ಮೊದಲು ನಗುವ ಮನುಷ್ಯ. ಯಾರಾದರೂ ಬೈದರೂ ಮೊದಲು ನಕ್ಕು ಆಮೇಲೆ ಏನು ಬೈದರೆಂದು ಕೇಳುತ್ತಿದ್ದರು. ಸಂಸ್ಥೆಯ ಕೆಲಸ ಸರಳವಾಗಿತ್ತು. ಸುತ್ತಲಿನ ಹೊಲಗಳೆಲ್ಲ ಬರೀ ಶೇಂಗಾಕ್ಕೆ ತಿರುಗಿ ಹಳೆಯ ಕಾಳುಗಳು ಮರೆಯಾಗುತ್ತಿದ್ದವು. ಶೇಂಗಾದ ನಡುನಡುವೆ ತೊಗರಿಯದೋ ಅಲಸಂದೆಯದೋ ಒಂದೊಂದು ಅಕ್ಕಡಿ ಸಾಲು ಬಿಡುವ ಪದ್ಧತಿ ನಿಲ್ಲಬಾರದೆಂದು ನಾವು ಆ ಬೀಜಗಳನ್ನು ಕೂಡಿಸಿ ಇಡುತ್ತಿದ್ದೆವು. ಮುಂಗಾರಿಗೆ ಹೆಂಗಸರು ಬಂದು ಒಂದು ಹಿಡಿ ಒಯ್ಯುವುದು, ಸುಗ್ಗಿ ಮುಗಿದ ಮೇಲೆ ಎರಡು ಹಿಡಿ ತಂದು ಹಾಕುವುದು. ಹಾಗೆ ಒಯ್ಯುವವರು ಸುತ್ತಿನ ಊರುಗಳ ಮೂವತ್ತು ಜನ. ನೌಕರರು ಎಂದರೆ ರಾಜಣ್ಣ ಮತ್ತು ನಾನು, ಇಬ್ಬರೇ.

ನಾನು ಕೆಲಸಕ್ಕೆ ಸೇರಿದ ದಿನ ಅಪ್ಪ ಮಗ್ಗದ ಮೇಲಿಂದ ತಲೆ ಎತ್ತದೆ, “ನೆಟ್ಟಗೆ ಒಂದು ಅಂಚು ಹಿಡಿಯೋಕೆ ಬರಲ್ಲ, ಊರವರ ಬೀಜ ಕಾಯ್ತಾಳಂತೆ” ಎಂದು ತೆಲುಗಿನಲ್ಲಿ ಗೊಣಗಿದ. ಅಂಚು ಹಿಡಿಯಲು ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಅಕ್ಕ ನೇಯ್ದ ಸೀರೆ ನೋಡಿ ಜನ ಬಾಯಿ ಬಿಡುತ್ತಿದ್ದರು, ನಾನು ನೇಯ್ದದ್ದನ್ನು ಅಪ್ಪ ಮನೆಗೆ ಬಂದವರ ಕಣ್ಣಿಗೆ ಬೀಳದಂತೆ ಮಡಚಿಡುತ್ತಿದ್ದ. ಹಾಗಾಗಿ ಇಲ್ಲಾದರೂ ಹರಿಪ್ರಿಯಾ ಕೆಲಸಕ್ಕೆ ಬಂದವಳು ಅನ್ನಿಸಿಕೊಳ್ಳಬೇಕೆಂಬ ಹಟ ನನಗೆ ಮೂಗಿನ ತುದಿಯಲ್ಲೇ ಇತ್ತು.

ಆ ಜನವರಿಯಲ್ಲಿ ದುರುಗಕ್ಕ ಎಂಬ ಮುದುಕಿ ಎರಡು ಮೈಲಿ ದೂರದ ಹಟ್ಟಿಯಿಂದ ತಲೆ ಮೇಲೆ ಒಂದು ಮಡಿಕೆ ಹೊತ್ತುಕೊಂಡು ಬಂದಳು. ಎಪ್ಪತ್ತು ದಾಟಿದ ಜೀವ, ಬೆನ್ನು ಮಾತ್ರ ಸೆಟೆದೇ ಇತ್ತು. ರಾಜಣ್ಣ ಎದ್ದು ಎರಡೂ ಕೈ ಚಾಚಿದರು. ಅವಳು ಕೊಡಲಿಲ್ಲ.

“ಗಂಡಸರ ಕೈಯಾಗೆ ಬೀಜದ ಮಡಿಕೆ ಕೊಡಂಗಿಲ್ಲಪ್ಪ. ಈ ಹುಡುಗಿ ಕೈಯಾಗೆ ಕೊಡ್ತೀನಿ” ಎಂದು ನನ್ನ ಕಡೆ ತಿರುಗಿದಳು. “ಇದು ನಮ್ಮವ್ವನ ತೊಗರಿ ಕಣವ್ವ. ಮಳೆ ಕೈ ಕೊಟ್ರೂ ಇದು ಕೈ ಕೊಡಾಕಿಲ್ಲ. ನನ್ನ ಮಕ್ಳು ಹೊಲದಾಗೆ ಬದುವಿನ ತನಕ ಶೇಂಗಾ ಹಾಕ್ತಾರೆ, ಇದಕ್ಕೆ ಜಾಗ ಇಲ್ಲ ಅಂತಾರೆ. ಈ ಸುತ್ತಿನಾಗೆ ಇನ್ಯಾರತ್ರಾನೂ ಇಲ್ಲ. ಇದು ಹೋದ್ರೆ ನಮ್ಮವ್ವ ಎಲ್ಡನೇ ಸಲ ಸತ್ತಂಗೆ. ನೀನು ಕಾಯಿ.”

ನಾನು ಕಾಯುತ್ತೇನೆ ಎಂದೆ. ನನ್ನನ್ನು ನಂಬಿ ಒಬ್ಬರು ಒಂದು ವಸ್ತು ಕೊಟ್ಟದ್ದು ಅದೇ ಮೊದಲು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಂಡಕ್ಟರನಿಗೂ ಆ ತೊಗರಿಯ ಕಥೆ ಹೇಳಿದೆ.

ಫೆಬ್ರವರಿಯಲ್ಲಿ ರಾಜಣ್ಣ ಒಂದು ತಿಂಗಳ ತರಬೇತಿಗೆಂದು ಧಾರವಾಡಕ್ಕೆ ಹೋದರು. ಸಂಸ್ಥೆಗೆ ನಾನೊಬ್ಬಳೇ ಧಣಿ. ಮಡಿಕೆಗಳ ಬಾಯಿ ಬಿಚ್ಚಿ ನೋಡಿದರೆ ಒಳಗೆ ಅರ್ಧ ಬೂದಿ, ಬೇವಿನ ಒಣ ಎಲೆ, ನಡುವೆ ಎಲ್ಲೋ ಕಾಳು. ಛೇ, ಇಷ್ಟು ಒಳ್ಳೆಯ ಕಾಳನ್ನು ಈ ಕೊಳಕಿನಲ್ಲಿ ಇಟ್ಟಿದ್ದಾರಲ್ಲ ಅನ್ನಿಸಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಜರಡಿ ಹಿಡಿದೆ. ಬೂದಿಯನ್ನೆಲ್ಲ ಜರಡಿ ಹಿಡಿದು ಹಿತ್ತಲಿಗೆ ಚೆಲ್ಲಿದೆ. ಕಾಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನೂಲು ಒಣಗಿಸುವ ಹಾಗೆ ನೆರಳಿನಲ್ಲಿ ಹರವಿದೆ. ಆಮೇಲೆ ಚಳ್ಳಕೆರೆಯ ಬೇಕರಿಯಿಂದ ತರಿಸಿದ್ದ ಬಿಸ್ಕತ್ತಿನ ಖಾಲಿ ಡಬ್ಬಗಳಿಗೆ ತುಂಬಿ, ಮುಚ್ಚಳ ಬಿಗಿದು, ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ‘ದುರುಗಕ್ಕನ ತೊಗರಿ’ ಎಂಬ ಚೀಟಿಗೆ ಸುತ್ತಲೂ ಹೂಬಳ್ಳಿ ಬೇರೆ.

ರಾಜಣ್ಣ ಬಂದು ಸಾಲಾಗಿ ನಿಂತ ಡಬ್ಬಗಳನ್ನು ನೋಡಿ, “ಏನಮ್ಮ ಹರಿಪ್ರಿಯಾ, ಇದು ಔಷಧಿ ಅಂಗಡಿ ಆದಂಗೆ ಆಗಿದೆಯಲ್ಲ!” ಎಂದು ನಕ್ಕರು. ಒಂದರ ಮುಚ್ಚಳವನ್ನೂ ತೆಗೆಯಲಿಲ್ಲ. ನಾನು ಉಬ್ಬಿ ಹೋದೆ. ಬಂದುಹೋಗುವವರಿಗೆಲ್ಲ ಅವರೇ ಆ ಸಾಲನ್ನು ತೋರಿಸುತ್ತಿದ್ದರು.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ, ರಾಜಣ್ಣ ಊರ ಮೇಲೆ ಹೋಗಿದ್ದಾಗ, ಕಸ ಗುಡಿಸುತ್ತ ದುರುಗಕ್ಕನ ತೊಗರಿಯ ಡಬ್ಬದ ಹತ್ತಿರ ಬಂದೆ. ಒಳಗಿನಿಂದ ಸಣ್ಣಗೆ ಕರಕರ ಸದ್ದು. ಮುಚ್ಚಳ ತೆಗೆದೆ. ಕಂದು ಬಣ್ಣದ ಪುಟ್ಟ ಹುಳಗಳು ನನ್ನ ಕೈ ಮೇಲೆ ಹತ್ತಿದವು. ಒಂದೊಂದು ಕಾಳಿಗೂ ಒಂದೊಂದು ತೂತು, ಕೆಲವಕ್ಕೆ ಎರಡು. ಹಿಡಿಯಲ್ಲಿ ಹಿಡಿದರೆ ಹಿಟ್ಟಾಗಿ ಉದುರಿತು. ನವಣೆ, ಸಾವೆಗಳಿಗೆ ಏನೂ ಆಗಿರಲಿಲ್ಲ. ಅಲಸಂದೆ ಕೆಟ್ಟಿತ್ತು, ಆದರೆ ಅದು ಮನೆಮನೆಯಲ್ಲೂ ಇರುವಂಥದ್ದು. ತೊಗರಿ ಮಾತ್ರ ಇನ್ನೆಲ್ಲೂ ಇಲ್ಲದ್ದು. ಅದರಲ್ಲಿ ಬಿತ್ತಲು ಒಂದು ಕಾಳೂ ಉಳಿದಿರಲಿಲ್ಲ.

ನೆಲದ ಮೇಲೆ ಕೂತು ಎಷ್ಟು ಹೊತ್ತು ಆ ಹಿಟ್ಟನ್ನು ಆರಿಸಿದೆನೋ ಗೊತ್ತಿಲ್ಲ. ಆ ಮೇಲೆ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಚೆನ್ನಾಗಿರುವ ನಾಲ್ಕು ಚೂರು ಹೊಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಮಾರನೆಯ ದಿನ ಚಳ್ಳಕೆರೆಯ ಮಂಡಿಗೆ ಹೋದೆ. ಕಾಳಿನ ವಿಷಯ ನನಗೆ ತಿಳಿಯದಿದ್ದರೂ ಬಣ್ಣದ ವಿಷಯ ತಿಳಿಯುತ್ತದೆ. ನೂರು ಕೆಂಪಿನಲ್ಲಿ ಬೇಕಾದ ಕೆಂಪನ್ನು ಆರಿಸುವುದು ನಮ್ಮ ಮನೆಯಲ್ಲಿ ಕೂಸಿಗೂ ಬರುತ್ತದೆ. ಹನ್ನೊಂದು ಅಂಗಡಿ ಸುತ್ತಿ, ಪ್ರತಿ ಚೀಲದ ಪಕ್ಕ ಆ ಹೊಟ್ಟನ್ನು ಹಿಡಿದು ನೋಡಿ, ಕೊನೆಗೆ ಅದೇ ಇಟ್ಟಿಗೆ ಕೆಂಪಿನ ತೊಗರಿ ಹಿಡಿದೆ. “ಬಿಲ್ಕುಲ್ ನಾಟಿ ಮಾಲಮ್ಮ” ಎಂದ ಅಂಗಡಿಯವನು. ತಂದು ದುರುಗಕ್ಕನ ಅದೇ ಹಳೆಯ ಮಡಿಕೆಗೆ ಸುರಿದೆ, ಒಲೆಯ ಬೂದಿ ಬೆರೆಸಿದೆ, ಬೇವಿನ ಎಲೆ ಹಾಕಿದೆ. ಆಗ ಬೂದಿ ಮುಟ್ಟಲು ಒಂದಿಷ್ಟೂ ಹೇಸಿಗೆಯಾಗಲಿಲ್ಲ. ಡಬ್ಬ ಬಿಟ್ಟು ಮಡಿಕೆಗೆ ಯಾಕೆ ಹಾಕಿದೆಯೆಂದು ರಾಜಣ್ಣ ಕೇಳಿದರು. ಅಜ್ಜಿಗೆ ಮಡಿಕೆಯೇ ಇಷ್ಟ ಎಂದೆ. ಅವರು ನಕ್ಕು ಒಪ್ಪಿಕೊಂಡರು.

ಜೂನಿನ ಮೊದಲ ಹದ ಮಳೆ ಬಿದ್ದ ಮೇಲೆ ಒಂದು ಗುರುವಾರ ಬೀಜ ಹಂಚುವ ಸಭೆ ಸೇರಿತು. ಮೂವತ್ತು ಜನವೂ ಬಂದಿದ್ದರು. ತೊಗರಿಯನ್ನು ದುರುಗಕ್ಕನೇ ತನ್ನ ಕೈಯಾರೆ ಹಂಚಬೇಕೆಂದು ರಾಜಣ್ಣ ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಮುದುಕಿ ತೊಳೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಮಡಿಕೆಯ ಮುಂದೆ ಕೂತಳು. ಎಲ್ಲರಿಗಿಂತ ಮುಂದೆ ಸೆರಗೊಡ್ಡಿ ಕೂತಿದ್ದವಳು ಹುಚ್ಚಕ್ಕ. ಆ ಸಭೆಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ.

ದುರುಗಕ್ಕ ಕೈ ಇಳಿಸಿ ಒಂದು ಹಿಡಿ ತೆಗೆದಳು. ಬೂದಿ ಊದಿದಳು. ಅಂಗೈ ಬಿಚ್ಚಿ ಹೆಬ್ಬೆರಳಿನಿಂದ ಕಾಳನ್ನು ಒಮ್ಮೆ ಹೊರಳಿಸಿದಳು. ಹೊರಳಿಸುತ್ತಿದ್ದ ಬೆರಳು ನಿಂತಿತು. ತಲೆ ಎತ್ತಿ ಸೀದಾ ನನ್ನ ಮುಖ ನೋಡಿದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೂವತ್ತು ಜನರ ಮುಂದೆ ಈಗ ನನ್ನ ಮಾನ ಹೋಯಿತು, ನಾಳೆಯಿಂದ ಈ ಮನೆಯ ಬಾಗಿಲೂ ಹೋಯಿತು ಎಂದುಕೊಂಡೆ.

ದುರುಗಕ್ಕ ಆ ಹಿಡಿಯನ್ನು ಮಡಿಕೆಗೇ ಹಾಕಿ ಅದರ ಬಾಯಿಗೆ ಬಟ್ಟೆ ಕಟ್ಟಿದಳು.

“ಇವತ್ತು ಬ್ಯಾಡ” ಎಂದಳು.

“ಯಾಕೆ ದುರುಗಕ್ಕ? ಎಲ್ಲರೂ ಬಂದಿದ್ದಾರಲ್ಲ” ಎಂದರು ರಾಜಣ್ಣ.

“ಇವತ್ತು ನಮ್ಮ ಮನೆದೇವ್ರ ವಾರ ಕಣಪ್ಪ. ಕೊಲ್ಲಾಪುರಮ್ಮನ ವಾರದಾಗೆ ನಮ್ಮನೆ ಬೀಜ ಹೊಸ್ತಿಲು ದಾಟಂಗಿಲ್ಲ. ಮರ್ತೇಬಿಟ್ಟಿದ್ದೆ.”

ಹುಚ್ಚಕ್ಕ ಸೊಂಟದ ಮೇಲೆ ಕೈ ಇಟ್ಟಳು. “ಅಲ್ಲಜ್ಜಿ, ಕೊಲ್ಲಾಪುರಮ್ಮಂದು ಮಂಗಳವಾರ. ಇವತ್ತು ಗುರುವಾರ ಐತೆ!”

“ನಿಮ್ಮನೆಯಾಗೆ ಮಂಗಳವಾರ. ನಮ್ಮನೆಯಾಗೆ ಗುರುವಾರಾನೂ ಹಿಡೀತೀವಿ. ನಿನ್ನ ಕೇಳಿ ಹಿಡೀಬೇಕಾ?”

“ಅಜ್ಜಿಗೆ ಅರಳುಮರಳು ಕಣ್ರೇ, ನಡೀರಿ” ಎಂದು ಹುಚ್ಚಕ್ಕ ಜೋರಾಗಿ ನಕ್ಕಳು. ಉಳಿದವರೂ ನಕ್ಕರು. ಬೇರೆಯವರ ಮನೆದೇವರ ವಾರದ ಬಗ್ಗೆ ನಮ್ಮ ಸೀಮೆಯಲ್ಲಿ ಯಾರೂ ವಾದ ಮಾಡುವುದಿಲ್ಲ. ನವಣೆ, ಸಾವೆ ಹಂಚಿ, ತೊಗರಿಗೆ ಮುಂದಿನ ಸೋಮವಾರ ಬರುವುದೆಂದು ಮಾತಾಯಿತು. ಹೋಗುವಾಗಲೂ ಅಜ್ಜಿಯ ಮರೆವನ್ನೇ ಆಡಿಕೊಂಡು ಹೋದರು. ರಾಜಣ್ಣ ನಗುತ್ತ ಅವರನ್ನು ಬೀಳ್ಕೊಡಲು ಬಸ್ಸಿನ ತನಕ ಹೋದರು.

ಕೋಣೆಯಲ್ಲಿ ನಾನು ಮತ್ತು ದುರುಗಕ್ಕ ಉಳಿದೆವು.

“ನನ್ನ ಬೀಜ ಎಲ್ಲೈತೆ?” ಎಂದಳು.

ಹಿಂದಿನ ಕೋಣೆಯಿಂದ ಹೂಬಳ್ಳಿ ಚೀಟಿಯ ಡಬ್ಬ ತಂದು ಅವಳ ಮುಂದೆ ಇಟ್ಟೆ. ಅವಳು ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದಳು. ತೂತು ಬಿದ್ದ ಒಂದು ಕಾಳು ತೆಗೆದು ಉಗುರಿನಲ್ಲಿ ಒಡೆದು ನೋಡಿದಳು. ಬೂದಿ ತೆಗೆದದ್ದು, ಒದ್ದೆ ಬಟ್ಟೆ, ನೆರಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಅಳತೊಡಗಿದೆ. ಚಳ್ಳಕೆರೆಯ ಮಂಡಿಯ ವಿಷಯವನ್ನೂ ಹೇಳಿದೆ.

“ಬೂದಿ ಅಂದ್ರೆ ಹೊಲಸೇನೆ ನಿನಗೆ? ಅದೇ ಕಣೆ ಅದರ ಹೊದಿಕೆ” ಎಂದಳು. ಮುಖ ಕೆಂಪಾಗಿತ್ತು. “ಬೂದಿ ತೆಗೆದಿದ್ದು ಗೊತ್ತಿಲ್ದೆ ಆತು, ಬಿಡು. ಸಂತೆ ತೊಗರಿ ತಂದು ನಮ್ಮವ್ವನ ಮಡಿಕೆಗೆ ಸುರಿದ್ಯಲ್ಲ, ಅದೂ ಗೊತ್ತಿಲ್ದೆ ಆತಾ? ಈ ಮೂವತ್ತು ಜನ ಅದನ್ನ ಬಿತ್ತಿದ್ರೆ? ಹೊಲದಾಗೆ ನಿಂತು ಕಾದು, ಅದು ಮಳೆ ತಡೀದೆ ಹೋಗಿದ್ರೆ, ನಮ್ಮವ್ವನ ಬೀಜಕ್ಕಲ್ವೇನೆ ಕೆಟ್ಟ ಹೆಸರು?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನನ್ನ ಹೆಸರೊಂದೇ ನನಗೆ ಕಂಡಿತ್ತು. ಅವಳು ಬೈದದ್ದು ಅಷ್ಟೇ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ನಾಳೆ ಬೆಳಿಗ್ಗೆ ನಮ್ಮ ಹಟ್ಟಿಗೆ ಬಾ. ಯಾರಿಗೂ ಬಾಯಿ ಬಿಡಬ್ಯಾಡ.”

ಶುಕ್ರವಾರ ಬೆಳಿಗ್ಗೆ ಹೋದೆ. ಹಟ್ಟಿಯ ಹೊರಗೆ ಬೇವಿನ ಮರದ ಕೆಳಗೆ ಕೊಲ್ಲಾಪುರಮ್ಮನ ಗುಡಿ. ಗುಡಿ ಎಂದರೆ ಎದೆಮಟ್ಟದ ನಾಲ್ಕು ಗೋಡೆ. ದುರುಗಕ್ಕ ಮಿಂದು ಒದ್ದೆ ಸೀರೆಯಲ್ಲೇ ಬಂದಿದ್ದಳು. ಒಂದು ತೆಂಗಿನಕಾಯಿ ಒಡೆದು, ಗಲ್ಲ ಗಲ್ಲ ಬಡಿದುಕೊಂಡು ಜೋರಾಗಿಯೇ ದೇವಿಯ ಜೊತೆ ಮಾತಾಡಿದಳು.

“ತಪ್ಪಾತು ತಾಯಿ. ನಿನ್ನ ವಾರ ಅಲ್ದಿದ್ರೂ ನಿನ್ನ ವಾರ ಅಂತ ಸುಳ್ಳಾಡಿದೆ. ಮುನಿಯಂಗಿದ್ರೆ ನನ್ನ ಮ್ಯಾಲೆ ಮುನಿ. ಈ ಹುಡುಗಿ ಎಳೇದು, ಇದರ ತಂಟೆಗೆ ಹೋಗಬ್ಯಾಡ.”

ಎಪ್ಪತ್ತು ವರ್ಷ ನಂಬಿಕೊಂಡು ಬಂದ ದೇವರ ಹೆಸರಿನಲ್ಲಿ ಅವಳು ನನಗಾಗಿ ಸುಳ್ಳು ಹೇಳಿದ್ದಳು. ನನಗೂ ಅವಳಿಗೂ ಜಾತಿ ಬೇರೆ, ಭಾಷೆ ಬೇರೆ. ಅವಳ ತಾಯಿಯ ಬೀಜವನ್ನು ಹುಳಕ್ಕೆ ಹಾಕಿದವಳು ನಾನು. ಹೆತ್ತವರು ಬಿಟ್ಟರೆ ನನಗಾಗಿ ಯಾರೂ ಇಷ್ಟು ದೊಡ್ಡದನ್ನು ಒತ್ತೆ ಇಟ್ಟಿರಲಿಲ್ಲ. ನಾನೂ ಗಲ್ಲ ಬಡಿದುಕೊಂಡು ಅಡ್ಡಬಿದ್ದೆ. ದೇವಿಗೆ ಅರ್ಧ, ದುರುಗಕ್ಕನಿಗೆ ಅರ್ಧ.

“ಸಾಕು ಏಳು, ಬಸ್ಸು ತಪ್ಪುತ್ತೆ” ಎಂದಳು ಅವಳು.

ರಾಯದುರ್ಗದ ಬಸ್ಸು ಹತ್ತಿದ ಮೇಲೆಯೇ ಎಲ್ಲಿಗೆ ಹೋಗುತ್ತಿದ್ದೇವೆಂದು ಹೇಳಿದಳು. ಆಂಧ್ರದ ಗಡಿಯಾಚೆಯ ಒಂದು ಹಳ್ಳಿಗೆ ಅವಳ ಹಿರಿಮಗಳು ಉಚ್ಚಂಗೆಮ್ಮನನ್ನು ಮದುವೆ ಮಾಡಿ ಕೊಟ್ಟಿದ್ದರು.

“ಮದುವೆ ಮಾಡಿ ಕಳಿಸೋವಾಗ ಮಡಿಲಕ್ಕಿ ಜತೆಗೆ ಒಂದು ಹಿಡಿ ಈ ತೊಗರೀನೂ ಕಟ್ಟಿದ್ದೆ. ನಮ್ಮವ್ವ ನನಗೆ ಹಂಗೇ ಕಟ್ಟಿ ಕಳಿಸಿದ್ಲು. ಇಪ್ಪತ್ತೆಂಟು ವರ್ಷ ಆತು. ಬಿತ್ತಿದ್ಲೋ, ಸಾರು ಮಾಡ್ಕಂಡು ತಿಂದ್ಲೋ, ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ.”

“ತಿಂದಿದ್ದರೆ?” ಎಂದೆ.

“ತಿಂದಿದ್ರೆ ಮುಗೀತು” ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಇಳಿಯುವ ತನಕ ಬಸ್ಸಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಮದುವೆಯಾದ ಹೊಸದರಲ್ಲಿ ಉಚ್ಚಂಗೆಮ್ಮನಿಗೆ ತೊಗರಿ ಸಾರು ಬೇಡವಾಗಿದ್ದಿರಲಿ ಎಂದು ಬೇಡಿಕೊಳ್ಳುವುದು.

ಉಚ್ಚಂಗೆಮ್ಮ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ತಾಯಿಯನ್ನು ಕಂಡು ಓಡಿ ಬಂದವಳು, ಬಂದ ಕಾರಣ ಕೇಳಿ ಸೊಪ್ಪಿನ ಕಟ್ಟನ್ನು ನೆಲಕ್ಕೆ ಎಸೆದಳು.

“ಎರಡು ವರ್ಷ ಆತು ಈ ಕಡೆ ತಲೆ ಹಾಕಿ. ಮಗಳನ್ನ ನೋಡಾಕೆ ಬರ್ಲಿಲ್ಲ, ತೊಗರಿ ನೋಡಾಕೆ ಬಂದ್ಯೇನವ್ವ?”

“ತೊಗರಿ ಐತಾ ಇಲ್ವಾ, ಅದನ್ನ ಮೊದ್ಲು ಹೇಳು. ಆಮ್ಯಾಕೆ ಬೈಯುವಂತೆ” ಎಂದಳು ದುರುಗಕ್ಕ.

ಉಚ್ಚಂಗೆಮ್ಮ ಒಳಗೆ ಹೋದಳು. ಒಳಗೆ ಪಾತ್ರೆ ಸರಿಸುವ ಸದ್ದು. ಸೋರೆ ಬುರುಡೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ತಾಯಿಯ ಮಡಿಲಿಗೇ ಬಗ್ಗಿಸಿದಳು. ಬೂದಿಯ ಜೊತೆ ಕಾಳು ಜಲಜಲ ಬಿದ್ದವು. “ವರ್ಷಾ ವರ್ಷಾ ಬದುವಿಗೆ ಹಾಕ್ತೀನಿ. ನೀನು ಕೊಟ್ಟಿದ್ದಲ್ವಾ, ಬಿಡೋಕಾಗುತ್ತಾ” ಎಂದು ಇನ್ನೂ ಸಿಟ್ಟಿನಲ್ಲೇ ಹೇಳಿದಳು.

ದುರುಗಕ್ಕ ಒಂದು ಕಾಳು ಎತ್ತಿ ನನಗೆ ತೋರಿಸಿದಳು. ಕಾಳಿನ ಮೊಳಕೆ ಒಡೆಯುವ ಮೂಗಿನ ಹತ್ತಿರ, ಸಾಸಿವೆಯ ಕಾಲು ಭಾಗದಷ್ಟು, ಬಿಳಿಯ ಚುಕ್ಕೆ, ಮಂಡಿಯ ತೊಗರಿಗೆ ಇಲ್ಲದ್ದು. ಬಣ್ಣ ಜೋಡಿಸುವ ಜಂಬದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಅಂದು ತಾಯಿ ಮಗಳು ಊಟ ಮಾಡುತ್ತ ಜಗಳವಾಡಿದರು, ಜಗಳವಾಡುತ್ತಲೇ ಒಬ್ಬರ ತಲೆ ಒಬ್ಬರು ಬಾಚಿದರು. ಬುರುಡೆಯಲ್ಲಿ ಒಂದು ಹಿಡಿ ಉಳಿಸಿಕೊಂಡು ಉಚ್ಚಂಗೆಮ್ಮ ಉಳಿದದ್ದನ್ನೆಲ್ಲ ನನ್ನ ಚೀಲಕ್ಕೆ ಕಟ್ಟಿದಳು. ಮೂವತ್ತು ಜನಕ್ಕೆ ಒಂದೊಂದು ಹಿಡಿಗೆ ಅದು ಸಾಕಾಗುತ್ತಿತ್ತು.

ಬಸ್ಸಿನಲ್ಲಿ ದುರುಗಕ್ಕ, “ಸೋಮವಾರ ಇದನ್ನ ಹಂಚೋಣ. ಸಂತೆ ತೊಗರೀನ ಬ್ಯಾಳೆ ಮಾಡಿಸಿ ಸಾರಿಗೆ ಹಾಕ್ಕಂಡ್ರಾತು. ದೇವ್ರಿಗೆ ನಾನು ಹೇಳೀನಿ, ಮನುಷ್ಯರಿಗೆ ಹೇಳೋದೇನೈತೆ?” ಎಂದಳು. ನಾನು ಹೂಂ ಎಂದೆ.

ಶನಿವಾರ, ಭಾನುವಾರ ನನಗೆ ಅನ್ನ ಸೇರಲಿಲ್ಲ. ಬೀಜ ಸಿಕ್ಕಿತ್ತು, ಮಾನವೂ ಉಳಿದಿತ್ತು. ಹೀಗೆಲ್ಲ ಸರಿಹೋದ ಮೇಲೂ ಸಂಕಟವೇಕೆಂದು ನನ್ನನ್ನೇ ಬೈದುಕೊಂಡೆ. ಆದರೆ ಹುಚ್ಚಕ್ಕ ‘ಅರಳುಮರಳು’ ಎಂದು ನಕ್ಕದ್ದು ಕಿವಿಯಿಂದ ಹೋಗಲಿಲ್ಲ. ಬುದ್ಧಿ ಸ್ತಿಮಿತದಲ್ಲಿದ್ದ ಹೆಂಗಸನ್ನು ಏಳು ಊರಿನವರು ಮರೆಗುಳಿ ಮುದುಕಿ ಎಂದು ಆಡಿಕೊಳ್ಳುತ್ತಿದ್ದಾರೆ. ಅವಳು ಅದನ್ನು ಹೊತ್ತುಕೊಂಡಿದ್ದಾಳೆ, ನನ್ನ ಡಬ್ಬಗಳ ಚಂದಕ್ಕಾಗಿ. ಕೆಲಸ ಹೋದರೆ ಹೋಗಲಿ, ಅಪ್ಪ ನಕ್ಕರೆ ನಗಲಿ ಎಂದು ಗಟ್ಟಿ ಮಾಡಿಕೊಂಡೆ.

ಸೋಮವಾರ ಎಲ್ಲರೂ ಕೂತ ಮೇಲೆ, ದುರುಗಕ್ಕ ಚೀಲಕ್ಕೆ ಕೈ ಹಾಕುವ ಮೊದಲೇ ನಾನು ಎದ್ದು ನಿಂತೆ. ಬೂದಿ ಚೆಲ್ಲಿದ್ದು, ಬೀಜ ಹಾಳಾದದ್ದು, ಮಂಡಿಯಿಂದ ತೊಗರಿ ತಂದು ಮಡಿಕೆಗೆ ಸುರಿದದ್ದು, ಒಂದನ್ನೂ ಬಿಡದೆ ಹೇಳಿದೆ. “ಅಜ್ಜಿಗೆ ಅರಳುಮರಳಲ್ಲ. ನನ್ನ ಮಾನ ಉಳಿಸೋಕೆ ಮನೆದೇವರ ವಾರ ಅಂದರು. ನೀವು ಬೇರೆ ಯಾರನ್ನಾದರೂ ಬೀಜ ಕಾಯೋಕೆ ಇಟ್ಟುಕೊಳ್ಳಿ” ಎಂದು ಮುಗಿಸಿದೆ.

ರಾಜಣ್ಣನ ಮುಖದಲ್ಲಿ ನಗು ಇರಲಿಲ್ಲ. ಅವರನ್ನು ನಗುವಿಲ್ಲದೆ ನೋಡಿದ್ದು ಅದೇ ಮೊದಲು.

“ಹಾಳಾದೋಳೇ!” ಎಂದು ದುರುಗಕ್ಕ ಕೂಗಿದಳು. “ಒದ್ದೆ ಸೀರೇಲಿ ತಪ್ಪು ಒಪ್ಪಿಸಿ ಬಂದಿದ್ದೆ. ಎಲ್ಲಾ ನೀರಾಗೆ ಹಾಕಿದ್ಯಲ್ಲೇ!”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಚ್ಚಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳು ಬೈಯಲು ಉಸಿರು ಕಟ್ಟುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

“ಅಲ್ಲ ಕಣೆ ಪ್ರಿಯವ್ವ” ಎಂದಳು, ಸೆರಗು ತೆಗೆದು. “ಅಜ್ಜಿ ಅಂಗೈಯಾಗೆ ಆ ತೊಗರಿ ಹೊರಳಿಸಿದಾಗ ನಾನು ಒಂದು ಗೇಣು ದೂರದಾಗೆ ಕುಂತಿದ್ದೆ. ಹುಟ್ಟಿದಾಗಿಂದ ತೊಗರಿ ಬಿಡಿಸಿರೋಳು ನಾನು. ಸಂತೆ ತೊಗರಿ ಯಾವುದು, ನಮ್ಮ ತೊಗರಿ ಯಾವುದು ಅಂತ ನನಗೆ ತಿಳೀಯಕಿಲ್ವಾ? ಬೆಕ್ಕು ಕಣ್ಣು ಮುಚ್ಕಂಡು ಹಾಲು ಕುಡಿದ್ರೆ ಊರಿಗೆ ಕಾಣಂಗಿಲ್ವಾ?”

“ಮತ್ತೆ... ಅರಳುಮರಳು ಅಂದಿರಿ?”

“ಇನ್ನೇನನ್ಲಿ? ಅಜ್ಜಿ ನಿನ್ನ ಮಾನ ಮುಚ್ಚಾಕೆ ಒಂದು ಮಾತು ಎಸೆದ್ಲು. ನಾನೊಂದು ಎಸೆದೆ. ರಾಜಣ್ಣಾರಿಗೆ ಅನುಮಾನ ಬರಬಾರ್ದಲ್ಲ.”

ಗೋಡೆ ಪಕ್ಕ ಕೂತಿದ್ದ ಎರ್ರಮ್ಮ, ಸಭೆಯಲ್ಲಿ ಎಂದೂ ಬಾಯಿ ಬಿಡದವಳು, ನನ್ನ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದಳು, “ಮಾಕೂ ಕಂಡ್ಲುನ್ನಾಯಮ್ಮಾ.” ನಮಗೂ ಕಣ್ಣಿವೆ ತಾಯಿ ಎಂದು. ಹಿಂದಿನಿಂದ ಇನ್ನೊಬ್ಬಳು, “ಅಜ್ಜಿ ಬೆರಳು ನಿಂತಿದ್ದು ನನಗೂ ಕಂಡಿತ್ತು” ಎಂದಳು. ಅವಳ ಪಕ್ಕದವಳು ತಲೆಯಾಡಿಸಿದಳು. ನೋಡುತ್ತ ಹೋದೆ, ಎಲ್ಲ ತಲೆಗಳೂ ಆಡುತ್ತಿದ್ದವು. ಗುರುವಾರ ನಕ್ಕುಕೊಂಡು ಹೋದ ಮೂವತ್ತು ಜನಕ್ಕೂ ಗೊತ್ತಿತ್ತು. ನಾಲ್ಕು ದಿನದಿಂದ ಯಾರೂ ಯಾರ ಬಳಿಯೂ ಆಡಿರಲಿಲ್ಲ. ಬೀಜವೇ ಇಲ್ಲವೆಂದು ತಿಳಿದೂ ಸೋಮವಾರಕ್ಕೆ ಸೆರಗು ಹಿಡಿದು ಬಂದಿದ್ದರು.

“ನನಗೆ ಗೊತ್ತಾಗಲಿಲ್ಲವಲ್ಲ!” ಎಂದರು ರಾಜಣ್ಣ.

“ನೀವು ಓದಿದೋರು, ನಿಮಗೆ ಅವೆಲ್ಲ ಕಾಣಾಕಿಲ್ಲ” ಎಂದಳು ಹುಚ್ಚಕ್ಕ. ಮನೆ ಹಾರಿ ಹೋಗುವಂತೆ ನಗು. ರಾಜಣ್ಣನೂ ನಕ್ಕುಬಿಟ್ಟರು.

ನಾನು ಮಾತ್ರ ಅಲ್ಲೇ ಕೂತು ಅಳತೊಡಗಿದೆ. ಬೈಸಿಕೊಳ್ಳಲು ಎದೆ ಗಟ್ಟಿ ಮಾಡಿಕೊಂಡು ಬಂದವಳಿಗೆ ಇದನ್ನು ತಡೆಯುವ ಶಕ್ತಿ ಇರಲಿಲ್ಲ. ಒಬ್ಬಳು ಮುದುಕಿ ನನ್ನನ್ನು ಕಾಪಾಡಿದಳೆಂದು ತಿಳಿದಿದ್ದೆ. ಮೂವತ್ತು ಜನ ಸೇರಿ, ಒಂದು ಸನ್ನೆಯನ್ನೂ ಮಾಡಿಕೊಳ್ಳದೆ, ಒಂದೇ ಗಳಿಗೆಯಲ್ಲಿ ನನ್ನನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು. ಆ ಋಣವನ್ನು ಎರಡು ಹಿಡಿಯಲ್ಲ, ಎರಡು ಬಂಡಿ ತಂದು ಹಾಕಿದರೂ ತೀರಿಸಲಾಗದು. ತೀರಿಸಬೇಕೆಂದು ನನಗೆ ಅನ್ನಿಸಿಯೂ ಇಲ್ಲ.

“ಅಳೋದು ಆಮ್ಯಾಕೆ ಅಳು, ಹೊಲದ ಹದ ಆರಿಹೋಗುತ್ತೆ. ಏಳು, ನೀನೇ ಹಂಚು” ಎಂದು ದುರುಗಕ್ಕ ಚೀಲವನ್ನು ನನ್ನ ಮುಂದೆ ತಳ್ಳಿದಳು.

“ನಾನಾ?”

“ಇನ್ಯಾರು? ಸುಟ್ಟ ಕೈಗೇ ಬೆಂಕಿ ಗೊತ್ತು. ಇನ್ನು ಮ್ಯಾಲೆ ಬೂದಿ ಕಂಡ್ರೆ ಕಣ್ಣಿಗೆ ಒತ್ಕಂತಾಳೆ ಇವಳು.”

ಹಂಚಿದೆ. ಹುಚ್ಚಕ್ಕ, ಎರ್ರಮ್ಮ, ಒಬ್ಬೊಬ್ಬರಾಗಿ ಬಂದು ಸೆರಗೊಡ್ಡಿದರು. ಒಬ್ಬೊಬ್ಬರಿಗೆ ಒಂದೊಂದು ಹಿಡಿ ಅಳೆದು ಹಾಕಿದೆ. ಮೂವತ್ತನೆಯವಳು ಹೋದ ಮೇಲೆ ತಲೆ ಎತ್ತಿದರೆ ದುರುಗಕ್ಕ ನಿಂತಿದ್ದಳು. ಅವಳೂ ಸೆರಗೊಡ್ಡಿದ್ದಳು.

“ನನಗೂ ಒಂದು ಹಿಡಿ ಕೊಡವ್ವ. ಹಿತ್ತಲಾಗೆ ಹಾಕ್ತೀನಿ. ಸುಗ್ಗಿಗೆ ಎಲ್ಡು ಹಿಡಿ ತಂದು ನಿನ್ನ ಕೈಗೇ ಕೊಡ್ತೀನಿ.”

ತನ್ನ ತಾಯಿಯ ಬೀಜವನ್ನು ಅವಳು ನನ್ನ ಕೈಯಿಂದ ಬೇಡಿ ಪಡೆಯುತ್ತಿದ್ದಳು. ನಾನು ಎರಡೂ ಕೈ ಸೇರಿಸಿ, ಬೊಗಸೆ ತುಂಬ ಎತ್ತಿ ಅವಳ ಸೆರಗಿಗೆ ಹಾಕಿದೆ.

“ಏ, ನಮಗೆ ಹಿಡಿ, ಅಜ್ಜಿಗೆ ಬೊಗಸೆನಾ? ಇದ್ಯಾವ ನ್ಯಾಯನೇ?” ಎಂದು ಹುಚ್ಚಕ್ಕ ಬಾಗಿಲಿನಿಂದ ಕೂಗಿದಳು.

ನಾನು ತಲೆ ಬಗ್ಗಿಸಿ ಚೀಲ ಮಡಚತೊಡಗಿದೆ. ಬಾಯಿ ತೆರೆದಿದ್ದರೆ ಮತ್ತೆ ಅಳುತ್ತಿದ್ದೆ, ಹೊರಗೆ ಹದ ಆರುತ್ತಿತ್ತು.